ಬರಗಾಲ ಮತ್ತು ಆರ್ಥಿಕ ಮುಗ್ಗಟ್ಟಿನ ಕಾಲದ ಪರಿಹಾರ ಕಾಮಗಾರಿಗಳು: ಸ್ಥಳೀಯ ದಾಖಲೆಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮಳೆ ಕೈಕೊಟ್ಟ ವರ್ಷಗಳಲ್ಲಿಯೂ, ಬೆಲೆ ಕುಸಿತದಿಂದ ಗ್ರಾಮೀಣ ಜೀವನ ತತ್ತರಿಸಿದ ವರ್ಷಗಳಲ್ಲಿಯೂ ಸರ್ಕಾರಗಳು ಕೆರೆ ದುರಸ್ತಿ, ರಸ್ತೆ ನಿರ್ಮಾಣ, ಕಾಲುವೆ ಅಗೆತ ಮುಂತಾದ ಕಾಮಗಾರಿಗಳನ್ನು ಕೈಗೊಂಡು ಜನರಿಗೆ ಕೂಲಿ ಒದಗಿಸುತ್ತ ಬಂದಿವೆ. ಈ ಕಾಮಗಾರಿಗಳಿಗೆ ಸಂಬಂಧಿಸಿದ ಹಾಜರಿ ಪಟ್ಟಿ, ಅಳತೆ ಪುಸ್ತಕ, ಪಾವತಿ ಲೆಕ್ಕ, ಆದೇಶ ಹಾಗೂ ಪತ್ರ ವ್ಯವಹಾರಗಳು ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಕಚೇರಿಗಳಲ್ಲಿ ಸೃಷ್ಟಿಯಾಗಿವೆ.

ತಮ್ಮ ಊರಿನ ಕೆರೆಯನ್ನು ಯಾವಾಗ, ಯಾರ ವೆಚ್ಚದಲ್ಲಿ ಕಟ್ಟಲಾಯಿತು ಎಂದು ತಿಳಿಯಬಯಸುವವರು, ಕೂಲಿ ಬಾಕಿಯ ವಿವರ ಕೇಳುವವರು, ಕೆರೆ ಅಂಗಳದ ಅಥವಾ ಸಾರ್ವಜನಿಕ ರಸ್ತೆಯ ಒತ್ತುವರಿ ಬಗ್ಗೆ ದೂರು ನೀಡುವವರು, ಸ್ಥಳೀಯ ಇತಿಹಾಸದ ಅಧ್ಯಯನ ಮಾಡುವವರು ಇಂತಹ ದಾಖಲೆಗಳನ್ನು ಕೋರುತ್ತಾರೆ. ಸರಿಯಾದ ಮಾಹಿತಿಯಿಲ್ಲದೆ ಸಲ್ಲಿಸಿದ ಅರ್ಜಿಗಳು "ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹದೊಂದಿಗೆ ಮುಕ್ತಾಯವಾಗುವುದುಂಟು. ಅದನ್ನು ತಪ್ಪಿಸುವ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಅರ್ಜಿದಾರರು ಮೊದಲಿಗೆ ಗಮನಿಸಬೇಕಾದ ಅಂಶವೆಂದರೆ, ಪರಿಹಾರ ಕಾಮಗಾರಿಯ ದಾಖಲೆಯನ್ನು ಸಾಮಾನ್ಯವಾಗಿ ಕೂಲಿಗಾರರ ಹೆಸರಿನಲ್ಲಿ ಇಡುತ್ತಿರಲಿಲ್ಲ; ಕಾಮಗಾರಿಯ ಹೆಸರಿನಲ್ಲಿ ಇಡಲಾಗುತ್ತಿತ್ತು. ಆದ್ದರಿಂದ ವ್ಯಕ್ತಿಯ ಹೆಸರನ್ನು ಮಾತ್ರ ನಮೂದಿಸಿ ಕೋರಿದ ದಾಖಲೆ ದೊರೆಯುವುದು ಕಷ್ಟ. ಕಾಮಗಾರಿ, ಗ್ರಾಮ ಮತ್ತು ವರ್ಷ ಈ ಮೂರನ್ನು ನಮೂದಿಸಿದಲ್ಲಿ ಆ ವ್ಯಕ್ತಿಯ ಹೆಸರನ್ನು ತಲುಪುವ ದಾರಿ ಸುಲಭವಾಗುತ್ತದೆ.

2. ಹಿನ್ನೆಲೆ

ಅ) 1876-78ರ ಬರಗಾಲ

ಜನರ ಬಾಯಲ್ಲಿ "ಧಾತು ಈಶ್ವರ ಬರ" ಎಂದು ಉಳಿದಿರುವ ಈ ಬರಗಾಲಕ್ಕೆ ಧಾತು (1876-77) ಮತ್ತು ಈಶ್ವರ (1877-78) ಸಂವತ್ಸರಗಳಿಂದ ಆ ಹೆಸರು ಬಂದಿದೆ. ಆ ಕಾಲದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಜನಗಣತಿಯಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. 1881ರ ಮಾರ್ಚ್ 25ರಂದು ಆಡಳಿತವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿ ಒಪ್ಪಿಸಿದಾಗ, ಬರಗಾಲದ ವೆಚ್ಚದಿಂದ ಉಂಟಾದ ಸುಮಾರು 80 ಲಕ್ಷ ರೂಪಾಯಿಗಳ ಸಾಲವೂ ಸಂಸ್ಥಾನದ ಮೇಲಿತ್ತು.

ಈ ಬರಗಾಲದಲ್ಲಿ ಎರಡು ಬಗೆಯ ನೆರವು ನೀಡಲಾಯಿತು. ದುಡಿಯಲು ಶಕ್ತರಾದವರಿಗೆ ಕೆರೆ, ರಸ್ತೆ ಮುಂತಾದ ಕಾಮಗಾರಿಗಳಲ್ಲಿ ಕೂಲಿ. ದುಡಿಯಲಾರದ ವೃದ್ಧರು, ಮಕ್ಕಳು ಹಾಗೂ ರೋಗಿಗಳಿಗೆ ಗಂಜಿ ಕೇಂದ್ರಗಳಲ್ಲಿ ಊಟ. ಎರಡರ ಲೆಕ್ಕಗಳೂ ಬೇರೆ ಬೇರೆಯಾಗಿದ್ದುದರಿಂದ ಹುಡುಕುವಾಗಲೂ ಬೇರೆ ಬೇರೆಯಾಗಿ ಹುಡುಕಬೇಕಾಗುತ್ತದೆ.

ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯೂ ಈ ಬರಕ್ಕೆ ತೀವ್ರವಾಗಿ ತುತ್ತಾಗಿತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ ವಯಸ್ಕ ಪುರುಷ ಕೂಲಿಗಾರನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ನಗದಿನ ಲೆಕ್ಕದಲ್ಲಿ ಕೂಲಿಯನ್ನು ತಗ್ಗಿಸಲಾಯಿತು. ಇಷ್ಟು ಆಹಾರದಲ್ಲಿ ದುಡಿಯುವ ಮನುಷ್ಯ ಬದುಕಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಆಕ್ಷೇಪಿಸಿದರು. ಅನಂತರ ಅದೇ ವರ್ಷ ಕೂಲಿಯ ದರವನ್ನು ಹೆಚ್ಚಿಸಲಾಯಿತು. ಆದ್ದರಿಂದ ಈ ಅವಧಿಯ ಪಟ್ಟಿಗಳಲ್ಲಿ ಒಂದೇ ಕಾಮಗಾರಿಗೆ ಎರಡು ದರಗಳು ಕಂಡುಬಂದಲ್ಲಿ ಅದನ್ನು ಬರವಣಿಗೆಯ ದೋಷವೆಂದು ಭಾವಿಸತಕ್ಕದ್ದಲ್ಲ.

ಆ) ಕ್ಷಾಮ ಸಂಹಿತೆಗಳು

1880ರ ಕ್ಷಾಮ ಆಯೋಗದ ವರದಿಯ ತರುವಾಯ 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಗಿ, ಪ್ರಾಂತ್ಯಗಳು ತಮ್ಮ ತಮ್ಮ ಸಂಹಿತೆಗಳನ್ನು ರೂಪಿಸಿಕೊಂಡವು. ಇದರಿಂದ ಪರೀಕ್ಷಾರ್ಥ ಕಾಮಗಾರಿ, ಪರಿಹಾರ ಕಾಮಗಾರಿ, ಉಚಿತ ನೆರವು ಎಂಬ ವರ್ಗೀಕರಣ ಹಾಗೂ ನಿಯತಕಾಲಿಕ ವರದಿ ಕಳುಹಿಸುವ ಪದ್ಧತಿ ರೂಢಿಗೆ ಬಂದವು. 1896-97 ಮತ್ತು 1899-1900ರ ಬರಗಾಲಗಳಲ್ಲಿ ಮುಂಬಯಿ ಪ್ರಾಂತ್ಯದ ಬಿಜಾಪುರ ಮುಂತಾದ ಪ್ರದೇಶಗಳ ದಾಖಲೆಗಳು ಈ ಪದ್ಧತಿಯಲ್ಲಿಯೇ ಇವೆ. ಇದೇ ಕಾಲದಲ್ಲಿ 1883ರ ಭೂ ಸುಧಾರಣಾ ಸಾಲ ಕಾಯ್ದೆ ಮತ್ತು 1884ರ ಕೃಷಿಕರ ಸಾಲ ಕಾಯ್ದೆಗಳ ಅಡಿಯಲ್ಲಿ ನೀಡಿದ ತಕಾವಿ ಸಾಲದ ಕಡತಗಳೂ ಸೃಷ್ಟಿಯಾದವು. ತಕಾವಿ ಕಡತಗಳಲ್ಲಿ ರೈತನ ಹೆಸರು ಹಾಗೂ ಜಮೀನಿನ ಸರ್ವೆ ನಂಬರು ಇರುವುದರಿಂದ ಕುಟುಂಬದ ಮಾಹಿತಿ ಹುಡುಕುವವರಿಗೆ ಅವು ಹೆಚ್ಚು ಉಪಯುಕ್ತ.

ಇ) 1930ರ ದಶಕದ ಆರ್ಥಿಕ ಮುಗ್ಗಟ್ಟು

1929ರಲ್ಲಿ ಆರಂಭವಾದ ಜಾಗತಿಕ ಮುಗ್ಗಟ್ಟಿನಲ್ಲಿ ನಮ್ಮ ರೈತರಿಗೆ ಬಂದ ಸಂಕಟ ಬೆಳೆ ಇಲ್ಲದ್ದಲ್ಲ, ಬೆಳೆಗೆ ಬೆಲೆ ಇಲ್ಲದ್ದು. ಧಾನ್ಯದ ಬೆಲೆ ಇಳಿದರೂ ಕಂದಾಯ ಮತ್ತು ಸಾಲದ ಕಂತು ನಗದಿನಲ್ಲಿಯೇ ಸಲ್ಲಬೇಕಾಗಿತ್ತು. ಆದ್ದರಿಂದ ಈ ಅವಧಿಯ ಮಾಹಿತಿಯನ್ನು ಗಂಜಿ ಕೇಂದ್ರಗಳ ಪಟ್ಟಿಗಳಲ್ಲಿ ಹುಡುಕುವುದಕ್ಕಿಂತ ಕಂದಾಯ ರಿಯಾಯಿತಿ, ವಸೂಲಿ ಮುಂದೂಡಿಕೆ, ಸಾಲ ಪರಿಹಾರ ಹಾಗೂ ನೀರಾವರಿ ಕಾಮಗಾರಿಗಳ ಕಡತಗಳಲ್ಲಿ ಹುಡುಕುವುದು ಸೂಕ್ತ. ಮೈಸೂರು ಸಂಸ್ಥಾನದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದ (1926-41) ಈ ವರ್ಷಗಳಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ ಪ್ರದೇಶಕ್ಕೆ ನೀರು ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1881ರಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮುದ್ರಿತ ನಡವಳಿಗಳಲ್ಲಿ ತಾಲ್ಲೂಕುಗಳ ಪ್ರತಿನಿಧಿಗಳು ಮಂಡಿಸಿದ ಅಹವಾಲುಗಳು ದೊರೆಯುತ್ತವೆ.

ಈ) ಸ್ವಾತಂತ್ರ್ಯಾನಂತರದ ಉದ್ಯೋಗ ಕಾರ್ಯಕ್ರಮಗಳು

ದಾಖಲೆಯ ವರ್ಷವನ್ನು ಆಧರಿಸಿ ಕಾರ್ಯಕ್ರಮದ ಹೆಸರನ್ನು ಗುರುತಿಸಲು ಕೆಳಕಂಡ ಪಟ್ಟಿ ನೆರವಾಗುತ್ತದೆ. ವರ್ಷವು ಕಾರ್ಯಕ್ರಮ ಆರಂಭವಾದ ವರ್ಷವಾಗಿರುತ್ತದೆ.

1977: ಕೂಲಿಗಾಗಿ ಕಾಳು ಕಾರ್ಯಕ್ರಮ
1980: ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಕಾರ್ಯಕ್ರಮ
1983: ಗ್ರಾಮೀಣ ಭೂರಹಿತರ ಉದ್ಯೋಗ ಖಾತರಿ ಕಾರ್ಯಕ್ರಮ
1989: ಜವಾಹರ್ ರೋಜ್‌ಗಾರ್ ಯೋಜನೆ
1993: ಉದ್ಯೋಗ ಭರವಸೆ ಯೋಜನೆ
1999: ಜವಾಹರ್ ಗ್ರಾಮ ಸಮೃದ್ಧಿ ಯೋಜನೆ
2001: ಸಂಪೂರ್ಣ ಗ್ರಾಮೀಣ ರೋಜ್‌ಗಾರ್ ಯೋಜನೆ
2004: ರಾಷ್ಟ್ರೀಯ ಕೂಲಿಗಾಗಿ ಕಾಳು ಕಾರ್ಯಕ್ರಮ
2006: ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ, 2005ರ ಅನುಷ್ಠಾನ

ಕೊನೆಯ ಕಾಯ್ದೆಯು ಮೊದಲ ಹಂತದಲ್ಲಿ ರಾಜ್ಯದ ಬೀದರ್, ಗುಲ್ಬರ್ಗಾ, ರಾಯಚೂರು, ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಜಾರಿಗೆ ಬಂದು, 2008ರ ಏಪ್ರಿಲ್ 1ರಿಂದ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. 2009ರಲ್ಲಿ ಅದರ ಹೆಸರಿಗೆ ಮಹಾತ್ಮ ಗಾಂಧಿಯವರ ಹೆಸರನ್ನು ಸೇರಿಸಲಾಯಿತು.

3. ಸ್ಥಳೀಯವಾಗಿ ಸೃಷ್ಟಿಯಾಗುವ ಮುಖ್ಯ ದಾಖಲೆಗಳು

ಅ) ಹಾಜರಿ ಪಟ್ಟಿ (ಮಸ್ಟರ್ ರೋಲ್): ಕಾಮಗಾರಿಯ ಹೆಸರು, ಅವಧಿ, ಕೂಲಿಗಾರರ ಹೆಸರು, ದಿನವಹಿ ಹಾಜರಿ, ದರ, ಮೊತ್ತ ಹಾಗೂ ಸಹಿ ಅಥವಾ ಹೆಬ್ಬೆಟ್ಟಿನ ಗುರುತು. ಕೂಲಿಗಾರನ ಹೆಸರು ದೊರೆಯುವ ಮುಖ್ಯ ದಾಖಲೆ ಇದು.

ಆ) ಅಳತೆ ಪುಸ್ತಕ: ಕೆಲಸ ನಡೆದ ನಂತರ ತಾಂತ್ರಿಕ ಸಿಬ್ಬಂದಿ ಸ್ಥಳದಲ್ಲಿ ಅಳೆದು ಬರೆದ ಉದ್ದ, ಅಗಲ, ಆಳ ಮತ್ತು ಪರಿಮಾಣ.

ಇ) ಅಂದಾಜು ಪಟ್ಟಿ ಮತ್ತು ಮಂಜೂರಾತಿ ಆದೇಶ: ಕಾಮಗಾರಿ ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ವೆಚ್ಚದಲ್ಲಿ ಎಂಬ ವಿವರ. ಕೆಲವು ಕಡತಗಳಲ್ಲಿ ನಕ್ಷೆಯೂ ಇರುತ್ತದೆ.

ಈ) ಪಾವತಿ ಚೀಟಿ ಹಾಗೂ ನಗದು ಪುಸ್ತಕ: ಹಣ ಅಥವಾ ಧಾನ್ಯ ನಿಜವಾಗಿ ವಿತರಣೆಯಾದ ಬಗ್ಗೆ ಲೆಕ್ಕ.

ಉ) ಸಭಾ ನಡವಳಿಗಳು: ಪಂಚಾಯಿತಿ ಸಭೆ ಅಥವಾ ಗ್ರಾಮಸಭೆಯಲ್ಲಿ ಕಾಮಗಾರಿಯನ್ನು ಆಯ್ಕೆ ಮಾಡಿದ ನಿರ್ಣಯ.

ಈ ದಾಖಲೆಗಳನ್ನು ಒಂದರೊಡನೆ ಒಂದನ್ನು ಹೋಲಿಸಿ ಓದಿದಲ್ಲಿ ಮಾತ್ರ ಪೂರ್ಣ ಚಿತ್ರ ದೊರೆಯುತ್ತದೆ. ಉದಾಹರಣೆಗೆ, ಹಾಜರಿ ಪಟ್ಟಿಯಲ್ಲಿ 40 ಜನರು 6 ದಿನ ದುಡಿದಿದ್ದಾರೆಂದು ಇದ್ದರೆ ಅದು 240 ಮಾನವ ದಿನಗಳಾಗುತ್ತದೆ. ಈ 240 ದಿನಗಳನ್ನು ದರದಿಂದ ಗುಣಿಸಿದ ಮೊತ್ತ ಪಾವತಿ ಲೆಕ್ಕದೊಂದಿಗೆ ತಾಳೆಯಾಗಬೇಕು. ಅಷ್ಟು ಮಾನವ ದಿನಗಳಲ್ಲಿ ಆಗಬಹುದಾದ ಕೆಲಸ ಅಳತೆ ಪುಸ್ತಕದಲ್ಲಿ ಕಾಣಬೇಕು. ಅಳತೆ ಪುಸ್ತಕದಲ್ಲಿರುವುದು ನೆಲದ ಮೇಲೂ ಇರಬೇಕು. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಪ್ರಶ್ನೆ ಕೇಳಲು ಅವಕಾಶವಿದೆ.

4. ಹಾಜರಿ ಪಟ್ಟಿ ಮತ್ತು ಮಾಹಿತಿ ಹಕ್ಕು

ನಾಗರಿಕರು ಇಂದು ಬಳಸುತ್ತಿರುವ ಮಾಹಿತಿ ಹಕ್ಕು ಕಾಯ್ದೆಗೂ ಪರಿಹಾರ ಕಾಮಗಾರಿಗಳ ಹಾಜರಿ ಪಟ್ಟಿಗೂ ನೇರ ಸಂಬಂಧವಿದೆ. ರಾಜಸ್ಥಾನದಲ್ಲಿ ಬರಪೀಡಿತ ಪ್ರದೇಶದ ಕೂಲಿಗಾರರು, ತಾವು ದುಡಿದಷ್ಟು ಕೂಲಿ ಏಕೆ ಬರಲಿಲ್ಲವೆಂದು ಕೇಳಿದಾಗ, ಅಳತೆಯಲ್ಲಿ ಕೆಲಸ ಕಡಿಮೆಯಾಗಿದೆ ಎಂಬ ಉತ್ತರ ಬರುತ್ತಿತ್ತು. ಹಾಗಾದರೆ ಆ ದಾಖಲೆಯನ್ನು ತೋರಿಸಿರೆಂದು ಅವರು ಕೇಳಿದರು. ಅದು ಕಚೇರಿಯ ಗೋಪ್ಯ ದಾಖಲೆಯೆಂದು ನಿರಾಕರಿಸಲಾಯಿತು. 1990ರಲ್ಲಿ ಸ್ಥಾಪನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾ ಗ್ರಾಮದಲ್ಲಿ ಮೊದಲ ಜನಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿತು. ಇಂತಹ ವಿಚಾರಣೆಗಳಲ್ಲಿ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಗುತ್ತಿತ್ತು. ಕೆಲಸಕ್ಕೆ ಬಾರದವರ ಹೆಸರೂ, ಮೃತರ ಹೆಸರೂ ಪಟ್ಟಿಯಲ್ಲಿರುವುದು ಕೇಳುತ್ತ ಕುಳಿತ ಜನರಿಗೇ ತಿಳಿಯುತ್ತಿತ್ತು.

ಈ ಚಳವಳಿಯು ದೇಶವ್ಯಾಪಿಯಾಗಿ ಬೆಳೆದು, ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು ತಮ್ಮದೇ ಮಾಹಿತಿ ಹಕ್ಕು ಕಾಯ್ದೆಗಳನ್ನು ತಂದ ನಂತರ, 2005ರ ಅಕ್ಟೋಬರ್ 12ರಿಂದ ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದಿತು. ಆದ್ದರಿಂದ ಹಾಜರಿ ಪಟ್ಟಿಯ ಪ್ರತಿ ಕೇಳುವುದು ಕಚೇರಿಗೆ ತೊಂದರೆ ಕೊಡುವ ಕೆಲಸವೆಂದು ಅರ್ಜಿದಾರರಾಗಲಿ ಸಿಬ್ಬಂದಿಯಾಗಲಿ ಭಾವಿಸಬೇಕಾಗಿಲ್ಲ. ಆ ಹಕ್ಕು ಹುಟ್ಟಿದ್ದೇ ಅಂತಹ ಬೇಡಿಕೆಯಿಂದ.

5. ದಾಖಲೆಗಳು ಎಲ್ಲಿ ದೊರೆಯುತ್ತವೆ

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಇಂದಿನ ಕರ್ನಾಟಕದ ಪ್ರದೇಶಗಳು ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. ಹಳೆಯ ದಾಖಲೆಗಳು ಆಯಾ ಆಡಳಿತದ ರಾಜಧಾನಿಯಲ್ಲಿ ಉಳಿದಿರುವ ಸಂಭವ ಹೆಚ್ಚು.

ಅ) ಹಳೆಯ ಮೈಸೂರು ಪ್ರದೇಶ: ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ದಾಖಲೆಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಕನ್ನಡದಲ್ಲಿವೆ.

ಆ) ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲ: ಮದರಾಸು ಪ್ರಾಂತ್ಯದ ಕಡತಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಆ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. ಬಳ್ಳಾರಿಯ ಬಹುಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು.

ಇ) ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ: ಮುಂಬಯಿ ಪ್ರಾಂತ್ಯದ ಕಡತಗಳು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಹಳೆಯ ಸ್ಥಳೀಯ ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿ ಇರುವುದುಂಟು. 1876-78ರ ಕಾಲಕ್ಕೆ ಇಂದಿನ ವಿಜಯಪುರ, ಬಾಗಲಕೋಟೆ ಪ್ರದೇಶವು "ಕಲಾದಗಿ ಜಿಲ್ಲೆ" ಎಂಬ ಹೆಸರಿನಲ್ಲಿತ್ತು ಎಂಬುದನ್ನು ಗಮನಿಸುವುದು.

ಈ) ಬೀದರ್, ಕಲಬುರಗಿ, ರಾಯಚೂರು: ನಿಜಾಮ ಸಂಸ್ಥಾನದ ಕಡತಗಳು ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಭಾಷೆ ಪರ್ಷಿಯನ್ ಅಥವಾ ಉರ್ದು ಆಗಿರಬಹುದು.

ಉ) ಸ್ವಾತಂತ್ರ್ಯಾನಂತರದ ದಾಖಲೆಗಳು: ಕಾಮಗಾರಿ ನಡೆಸಿದ ಸಂಸ್ಥೆಯನ್ನು ಅವಲಂಬಿಸಿ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಲೋಕೋಪಯೋಗಿ, ಸಣ್ಣ ನೀರಾವರಿ ಅಥವಾ ಅರಣ್ಯ ಇಲಾಖೆಯ ಕಚೇರಿಗಳಲ್ಲಿ ವಿಚಾರಿಸಬೇಕು. 1959ರ ಕಾಯ್ದೆಯ ಕಾಲದಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿಗಳೂ, 1987ರಿಂದ ಮಂಡಲ ಪಂಚಾಯಿತಿಗಳೂ, 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಇಂದಿನ ಗ್ರಾಮ ಪಂಚಾಯಿತಿಗಳೂ ಕಾರ್ಯನಿರ್ವಹಿಸಿವೆ. ಸಂಸ್ಥೆ ಬದಲಾದಾಗಲೆಲ್ಲ ಕಡತಗಳೂ ಸ್ಥಳಾಂತರವಾಗಿರುತ್ತವೆ.

6. ಅರ್ಜಿ ಸಲ್ಲಿಸುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಅ) ವರ್ಷವನ್ನು ನಿರ್ಧರಿಸಿಕೊಳ್ಳುವುದು. ಮನೆಯ ಹಿರಿಯರು ಸಂವತ್ಸರದ ಹೆಸರು ಹೇಳಿದಲ್ಲಿ ಅದನ್ನು ಇಸವಿಗೆ ಪರಿವರ್ತಿಸಿಕೊಳ್ಳಬೇಕು. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಧಾತು ಎಂದರೆ 1876-77 ಆಗಬಹುದು, 1936-37 ಸಹ ಆಗಬಹುದು. ಕಡತದಲ್ಲಿ ಫಸಲಿ ವರ್ಷವಿದ್ದಲ್ಲಿ 590 ಕೂಡಿಸಿದರೆ ಇಸವಿ ದೊರೆಯುತ್ತದೆ. ಉದಾಹರಣೆಗೆ ಫಸಲಿ 1286 ಎಂದರೆ 1876-77.

ಆ) ಗ್ರಾಮದ ಅಂದಿನ ತಾಲ್ಲೂಕು ಮತ್ತು ಜಿಲ್ಲೆಯನ್ನು ತಿಳಿದುಕೊಳ್ಳುವುದು. 1997ರಲ್ಲಿ ಬಾಗಲಕೋಟೆ, ಚಾಮರಾಜನಗರ, ದಾವಣಗೆರೆ, ಗದಗ, ಹಾವೇರಿ, ಕೊಪ್ಪಳ ಮತ್ತು ಉಡುಪಿ ಎಂಬ 7 ಹೊಸ ಜಿಲ್ಲೆಗಳು ರಚನೆಯಾದವು. ಅದಕ್ಕೆ ಹಿಂದಿನ ಕಡತಗಳು ಮೂಲ ಜಿಲ್ಲೆಯಲ್ಲಿಯೇ ಉಳಿದಿರಬಹುದು.

ಇ) ಕಾಮಗಾರಿಯ ಹೆಸರನ್ನು ಸ್ಥಳೀಯವಾಗಿ ವಿಚಾರಿಸುವುದು. ಕೆರೆಯಾದಲ್ಲಿ ಕೆರೆಯ ಹೆಸರು, ಏರಿಯೋ ತೂಬೋ ಕೋಡಿಯೋ ಎಂಬ ವಿವರ. ರಸ್ತೆಯಾದಲ್ಲಿ ಯಾವ ಊರಿನಿಂದ ಯಾವ ಊರಿಗೆ ಎಂಬ ವಿವರ ಬೇಕಾಗುತ್ತದೆ.

ಈ) ಹಳೆಯ ಹಣದ ಲೆಕ್ಕವನ್ನು ಅರಿತಿರುವುದು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ದಶಮಾಂಶ ನಾಣ್ಯ ಪದ್ಧತಿ 1957ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

7. ಅರ್ಜಿ ಸಲ್ಲಿಸುವ ವಿಧಾನ

ಪತ್ರಾಗಾರಕ್ಕೆ ವರ್ಗಾವಣೆಯಾಗಿರುವ ದಾಖಲೆಗಳನ್ನು ಆಯಾ ಪತ್ರಾಗಾರದ ನಿಯಮಗಳಂತೆ ಅನುಮತಿ ಪಡೆದು ಪರಿಶೀಲಿಸಬಹುದು. ಕಚೇರಿಗಳ ವಶದಲ್ಲಿರುವ ದಾಖಲೆಗಳಿಗೆ ಮಾಹಿತಿ ಹಕ್ಕು ಕಾಯ್ದೆ, 2005ರ 6ನೇ ಪ್ರಕರಣದಡಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ರಾಜ್ಯದ ನಿಯಮಗಳಂತೆ ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರು ಸೂಕ್ತ ದಾಖಲೆ ಲಗತ್ತಿಸಿದಲ್ಲಿ ಅರ್ಜಿ ಶುಲ್ಕದಿಂದ ವಿನಾಯಿತಿ ಇದೆ. ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರದಂತಿರಬೇಕು. ಮಾಹಿತಿ ಏಕೆ ಬೇಕೆಂಬ ಕಾರಣವನ್ನು ತಿಳಿಸಬೇಕಾಗಿಲ್ಲ.

ಅರ್ಜಿಯಲ್ಲಿ ವಿಷಯವನ್ನು ಕೆಳಕಂಡಂತೆ ನಮೂದಿಸಬಹುದು:

"........ ತಾಲ್ಲೂಕು ........ ಗ್ರಾಮದ ........ ಕೆರೆ ಏರಿ ದುರಸ್ತಿ ಕಾಮಗಾರಿಗೆ ಸಂಬಂಧಿಸಿದಂತೆ, ........ ರಿಂದ ........ ರವರೆಗಿನ ಅವಧಿಯ ಹಾಜರಿ ಪಟ್ಟಿ, ಅಳತೆ ಪುಸ್ತಕ ಹಾಗೂ ಪಾವತಿ ಚೀಟಿಗಳನ್ನು ಪರಿಶೀಲಿಸಲು ಅವಕಾಶ ನೀಡಿ, ನಾನು ಗುರುತಿಸುವ ಪುಟಗಳ ದೃಢೀಕೃತ ನಕಲನ್ನು ನೀಡಲು ಕೋರುತ್ತೇನೆ."

ಮೊದಲು ಪರಿಶೀಲನೆಗೆ ಅವಕಾಶ ಕೇಳಿ, ನಂತರ ಬೇಕಾದ ಪುಟಗಳ ನಕಲನ್ನು ಮಾತ್ರ ಪಡೆಯುವುದರಿಂದ ಅರ್ಜಿದಾರರ ಹಣವೂ ಕಚೇರಿಯ ಸಮಯವೂ ಉಳಿಯುತ್ತದೆ. ಮಾಹಿತಿಯನ್ನು 30 ದಿನಗಳೊಳಗೆ ಒದಗಿಸಬೇಕು. ದಾಖಲೆ ಬೇರೆ ಪ್ರಾಧಿಕಾರದಲ್ಲಿದ್ದರೆ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಲ್ಲದಿದ್ದಲ್ಲಿ 30 ದಿನಗಳೊಳಗೆ ಮೊದಲ ಮೇಲ್ಮನವಿಯನ್ನೂ, ತದನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಯನ್ನೂ ಸಲ್ಲಿಸಬಹುದು. 20 ವರ್ಷಗಳಿಗಿಂತ ಹಿಂದೆ ನಡೆದ ಸಂಗತಿಗಳ ಮಾಹಿತಿಗೆ, ಕಾಯ್ದೆಯ 8(3)ನೇ ಪ್ರಕರಣದಂತೆ, ಕೆಲವೇ ವಿನಾಯಿತಿಗಳು ಅನ್ವಯಿಸುತ್ತವೆ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅಜ್ಜ ಬರಗಾಲದಲ್ಲಿ ಕೆರೆ ಕೆಲಸ ಮಾಡಿದ್ದರು. ಅವರ ಹೆಸರು ದೊರೆಯುವುದೇ?
ಉತ್ತರ: ಹಾಜರಿ ಪಟ್ಟಿ ಉಳಿದಿದ್ದಲ್ಲಿ ದೊರೆಯಬಹುದು. ಕಚೇರಿಯ ದಾಖಲೆಗಳನ್ನು ವರ್ಗಗಳಾಗಿ ವಿಂಗಡಿಸಿ, ಶಾಶ್ವತ ವರ್ಗದವನ್ನು ಬಿಟ್ಟು ಉಳಿದವನ್ನು ನಿಗದಿತ ಅವಧಿಯ ನಂತರ ನಾಶಪಡಿಸಲು ಅವಕಾಶವಿದೆ. ಆದ್ದರಿಂದ ಪಟ್ಟಿ ಇಲ್ಲದಿದ್ದರೂ ಮಂಜೂರಾತಿ ಆದೇಶ ಅಥವಾ ಆಡಳಿತ ವರದಿಯಿಂದ ಕಾಮಗಾರಿ ನಡೆದದ್ದನ್ನಾದರೂ ದೃಢಪಡಿಸಿಕೊಳ್ಳಬಹುದು.

ಪ್ರಶ್ನೆ: ದಾಖಲೆ ನಾಶಪಡಿಸಲಾಗಿದೆ ಎಂದು ತಿಳಿಸಿದರೆ ಏನು ಮಾಡಬೇಕು?
ಉತ್ತರ: ನಾಶಪಡಿಸಲು ನೀಡಿದ ಆದೇಶ ಮತ್ತು ನಾಶಪಡಿಸಿದ ದಾಖಲೆಗಳ ಪಟ್ಟಿಯ ನಕಲನ್ನು ಕೋರಬಹುದು. ನಿಯಮಾನುಸಾರ ನಾಶವಾದ ದಾಖಲೆ ಬೇರೆ, ಕಾಣೆಯಾದ ದಾಖಲೆ ಬೇರೆ.

ಪ್ರಶ್ನೆ: ಶಾನುಭೋಗರ ಮನೆಯಲ್ಲಿ ಹಳೆಯ ಪುಸ್ತಕಗಳಿವೆ. ಅವುಗಳನ್ನು ಏನು ಮಾಡಬೇಕು?
ಉತ್ತರ: 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯು 1963ರಲ್ಲಿ ಜಾರಿಗೆ ಬಂದು ಪಾರಂಪರಿಕ ಶಾನುಭೋಗ, ಪಟೇಲ ಹುದ್ದೆಗಳು ಕೊನೆಗೊಂಡವು. ಕಚೇರಿಗೆ ಸೇರಬೇಕಾದ ಪುಸ್ತಕಗಳು ಕೆಲವು ಮನೆಗಳಲ್ಲಿ ಉಳಿದುಹೋಗಿರಬಹುದು. ಅವನ್ನು ಹಳೆಯ ಕಾಗದವೆಂದು ಮಾರಾಟ ಮಾಡದೆ ತಾಲ್ಲೂಕು ಕಚೇರಿ ಅಥವಾ ರಾಜ್ಯ ಪತ್ರಾಗಾರಕ್ಕೆ ತಿಳಿಸಬೇಕು.

ಪ್ರಶ್ನೆ: ಈ ದಾಖಲೆಗಳಿಂದ ಜಮೀನಿನ ಹಕ್ಕು ಸಾಬೀತಾಗುವುದೇ?
ಉತ್ತರ: ಇಲ್ಲ. ಇವು ಹಕ್ಕಿನ ದಾಖಲೆಗಳಲ್ಲ. ಆದರೆ ಕೆರೆ, ಕಾಲುವೆ ಅಥವಾ ರಸ್ತೆಯು ನಿರ್ದಿಷ್ಟ ವರ್ಷದಲ್ಲಿ ಸಾರ್ವಜನಿಕ ಹಣದಿಂದ ನಿರ್ಮಾಣವಾಗಿತ್ತು ಎಂಬುದಕ್ಕೆ ಪೂರಕ ದಾಖಲೆಯಾಗಿ ದೃಢೀಕೃತ ನಕಲನ್ನು ಹಾಜರುಪಡಿಸಬಹುದು. 2024ರ ಜುಲೈ 1ರಿಂದ ಈ ಬಗ್ಗೆ 1872ರ ಕಾಯ್ದೆಯ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ.

9. ಸಾರ್ವಜನಿಕರಲ್ಲಿ ಮನವಿ

ಬರಗಾಲದಲ್ಲಿ ದುಡಿದವರ ಪೈಕಿ ಅನೇಕರಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಅವರು ಸರ್ಕಾರದ ಕಾಗದದಲ್ಲಿ ಬಿಟ್ಟುಹೋದ ಏಕೈಕ ಗುರುತು ಹಾಜರಿ ಪಟ್ಟಿಯ ಮೇಲಿನ ಹೆಬ್ಬೆಟ್ಟೇ ಆಗಿರಬಹುದು. ಸದರಿ ದಾಖಲೆಗಳನ್ನು ಪರಿಶೀಲಿಸುವಾಗ ಪುಟಗಳನ್ನು ಮಡಿಸದೆ, ಗುರುತು ಹಾಕದೆ, ಹಾಳೆಗಳನ್ನು ಬೇರ್ಪಡಿಸದೆ ಮರಳಿ ಒಪ್ಪಿಸುವಂತೆ ಕೋರಲಾಗಿದೆ. ಸಂಬಂಧಪಟ್ಟ ಸಿಬ್ಬಂದಿಯು ಅರ್ಜಿದಾರರಿಗೆ ಕಾಮಗಾರಿಯ ಹೆಸರು ಮತ್ತು ವರ್ಷವನ್ನು ಗುರುತಿಸಲು ನೆರವಾಗತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಆಯಾ ಗ್ರಾಮ ಪಂಚಾಯಿತಿ, ತಾಲ್ಲೂಕು ಕಚೇರಿಯ ದಾಖಲೆ ಶಾಖೆ ಅಥವಾ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಕಚೇರಿ ಸಮಯದಲ್ಲಿ ಸಂಪರ್ಕಿಸುವುದು.